ಕುಟುಂಬ ಸಮೇತ ಕುಳಿತುಣ್ಣುವ ಹೋಟೆಲು

ಹೋಟೆಲಿನ ಊಟವೆಂದರೆ ಮನೆಯಿಲ್ಲದವನ ಊಟವೆಂಬ ಭಾವನೆ ನಮ್ಮ ಹಿರಿಯರಲ್ಲಿ ಬಹುಕಾಲವಿದ್ದಿತು. ಅದರ ಬಿಸಿ ಈಗ ಆರಿದೆಯಾದರೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಳ್ಳಿಗಳಲ್ಲಿ ಅದು ಪೂರ್ತಿಯಾಗಿ ಅಳಿಯಿತೆಂದು ಹೇಳಲಾರೆವು. ಪೇಟೆಗೆ ಹೋದ ಯಜಮಾನನು ಎರಡು ಮಸಾಲೆದೋಸೆ ತಿಂದು ಬಂದರೆ ಅದು ಪ್ರಯಾಣದ ಅನಿವಾರ್ಯತೆ. ಅವನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಅದನ್ನೇ ತಿಂದರೆ ದುಂದುವೆಚ್ಚ! ಈ ಎರಡು ಬಗೆಯ ತಕ್ಕಡಿಯನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ನಮಗೆ ತೋರಿದೆ.

ಕೊಪ್ಪ ತಾಲೂಕಿನ ನಾರ್ವೆಯಂತಹ ಗ್ರಾಮವನ್ನೇ ತೆಗೆದುಕೊಳ್ಳೋಣ. ಮಲೆನಾಡಿನಲ್ಲಿ ಊರೆಂದರೆ ಬಯಲುಸೀಮೆಯಂತೆ ಸಾಲುಮನೆಗಳ ಬೀದಿಯಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ತೋಟ, ಕೆಲವೆಡೆ ಒಂದು ಗುಡ್ಡವೇ ಇರುವುದು. ಮಳೆಗಾಲದಲ್ಲಂತೂ ನೆರೆಮನೆಯ ಮುಖ ಕಾಣುವುದೇ ಅಪರೂಪ. ಇಂತಹ ಸೀಮೆಯಲ್ಲಿ ರಸ್ತೆಯ ಮಗ್ಗುಲಿನ ನಾಲ್ಕು ಮೇಜಿನ ಹೋಟೆಲು ಕೇವಲ ಹೊಟ್ಟೆ ತುಂಬುವ ಸ್ಥಳವಲ್ಲ. ಜನ ಒಬ್ಬರನ್ನೊಬ್ಬರು ಕಂಡು ಅಡಿಕೆಯ ಧಾರಣೆಯನ್ನೂ ಬಾಣಂತಿಯ ಯೋಗಕ್ಷೇಮವನ್ನೂ ವಿಚಾರಿಸುವ ಚಾವಡಿ. ಆ ಚಾವಡಿಯಲ್ಲಿ ಊರಿನ ಅರ್ಧ ಜನಕ್ಕೆ, ಅಂದರೆ ಹೆಂಗಸರಿಗೆ, ಸಲೀಸಾದ ಜಾಗವಿಲ್ಲದಿದ್ದರೆ ಅದು ಯಾವ ಸೀಮೆಯ ಚಾವಡಿ?

ಹೋಟೆಲೆಂಬುದು ನಮ್ಮ ನಾಡಿನಲ್ಲಿ ಬೆಳೆದ ಬಗೆಯನ್ನು ನೋಡಿದರೆ ಬಾಗಿಲು ತೆರೆಯುತ್ತ ಬಂದ ಚರಿತ್ರೆಯೇ ಕಾಣುವುದು. ಉಡುಪಿ, ಕೋಟ, ಕುಂದಾಪುರಗಳ ಕಡೆಯಿಂದ ಅಡುಗೆಯ ಕೈಚಳಕವೊಂದನ್ನೇ ಬಂಡವಾಳವಾಗಿಟ್ಟುಕೊಂಡು ಘಟ್ಟ ಹತ್ತಿದವರು ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ಒಲೆ ಹೂಡಿದರು. ಬೆಂಗಳೂರಿನಲ್ಲಿ 1924ರಲ್ಲಿ ಮೈಯರ ಮನೆತನದವರು ತೆರೆದ ಉಪಾಹಾರಗೃಹ, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರು ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗು, ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ, ಇವೆಲ್ಲವೂ ಕರಾವಳಿಯ ಕೈಗಳ ಕೆಲಸವೇ. ಇವುಗಳಲ್ಲಿ ಮೊದಲನೆಯದರ ಹೆಸರು ಆಗ ‘ಬ್ರಾಹ್ಮಣರ ಕಾಫಿ ಕ್ಲಬ್’ ಎಂದಿದ್ದಿತು. ಇಂದು ಲೋಕಕ್ಕೆ ಪರಿಚಿತವಾಗಿರುವ ಮಾವಳ್ಳಿ ಟಿಫಿನ್ ರೂಮ್ಸ್ ಅದೇ. ಹಲಗೆಯ ಮೇಲಿನ ಈ ಹೆಸರೊಂದೇ ಆ ಕಾಲದ ಕಥೆಯನ್ನು ಹೇಳುವುದು. ಜಾತಿಗೊಂದು ಪಂಕ್ತಿ, ಕೆಲವರಿಗೆ ಹೊರಜಗಲಿ, ಕೆಲವರಿಗೆ ಬೇರೆ ಲೋಟ, ಮತ್ತೆ ಕೆಲವರಿಗೆ ಬಾಗಿಲೇ ಇಲ್ಲ. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 15ನೆಯ ವಿಧಿಯು ಭೋಜನಾಲಯಗಳ ಬಾಗಿಲನ್ನು ಸರ್ವರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಮುಚ್ಚಿದವನಿಗೆ ದಂಡನೆಯನ್ನು ವಿಧಿಸಿತು. ಕಾನೂನು ಬಂದ ದಿನವೇ ಲೋಟಗಳು ಒಂದಾಗಲಿಲ್ಲವೆಂಬುದು ಬೇರೆ ಮಾತು. ಆದರೂ ತೋಟದ ಧನಿಯೂ ಕೊನೆಗಾರನೂ ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುವ ಅಭ್ಯಾಸವನ್ನು ಸಭೆಗಳಿಗಿಂತ ಹೆಚ್ಚಾಗಿ ಹೋಟೆಲುಗಳೇ ಕಲಿಸಿದುವೆಂದು ನಾವು ನಂಬಿರುತ್ತೇವೆ.

ಹೆಂಗಸರ ವಿಷಯದಲ್ಲಿ ಮಾತ್ರ ಈ ಕೆಲಸ ಅರ್ಧಕ್ಕೆ ನಿಂತಿತು. ಅವರಿಗಾಗಿ ಹೋಟೆಲಿನವರು ಕಂಡುಹಿಡಿದ ಉಪಾಯ ‘ಫ್ಯಾಮಿಲಿ ರೂಮು’. ಕೈತೊಳೆಯುವ ತೊಟ್ಟಿಯ ಪಕ್ಕದಲ್ಲಿ ಒಂದು ಕತ್ತಲೆಯ ಗೂಡು, ಅದಕ್ಕೊಂದು ಮಾಸಿದ ಪರದೆ, ಒಳಗೆ ಗಾಳಿಯಿಲ್ಲ, ಮಾಣಿಯನ್ನು ಕೂಗಿದರೆ ಕೇಳಿಸುವುದಿಲ್ಲ. ಇದನ್ನು ಗೌರವವೆಂದು ಕರೆದರು. ಒಂದು ಕಾಲಕ್ಕೆ ಅದೂ ಉಪಕಾರವೇ ಆಗಿದ್ದಿತು, ಅಲ್ಲವೆನ್ನುವುದಿಲ್ಲ. ಈಗ ಅದರ ಕಾಲ ಕಳೆಯಿತು. ಕಳೆದ ಮಳೆಗಾಲದಲ್ಲಿ ಕೊಪ್ಪದ ಕಡೆಯ ಒಂದು ಚಿಕ್ಕ ಹೋಟೆಲಿನಲ್ಲಿ ಎರಡು ಮಕ್ಕಳೊಡನೆ ಬಂದ ತಾಯಿಯೊಬ್ಬರು ನಡುಮೇಜಿನಲ್ಲಿಯೇ ಕುಳಿತುದನ್ನು ಕಂಡೆವು. ಹೋಟೆಲಿನ ಯಜಮಾನಿಯು ಕೇಳುವ ಮೊದಲೇ ಚಿಕ್ಕವನ ಮುಂದೆ ಖಾರವಿಲ್ಲದ ಚಟ್ನಿಯನ್ನೂ ಒಂದು ಚೂರು ಬೆಲ್ಲವನ್ನೂ ಇಟ್ಟು, “ನೀವು ಬಿಸಿಯಿರೋವಾಗ್ಲೇ ತಿನ್ನಿ ಅಕ್ಕಾ, ಮಗೂನ ನಾನು ನೋಡ್ಕಳ್ತೀನಿ” ಎಂದರು. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಆರಿದ ಮೇಲೆ ತಾನು ಉಣ್ಣುವ ಹೆಂಗಸಿಗೆ ಬಿಸಿ ತಿಂಡಿಯೆಂಬುದು ಎಂತಹ ಸೌಖ್ಯವೆಂಬುದನ್ನು ದುಂದುವೆಚ್ಚದ ಲೆಕ್ಕ ಹೇಳುವ ಗಂಡಸರು ಒಮ್ಮೆ ಯೋಚಿಸಬೇಕು.

ಇನ್ನು ತಿಂಡಿಯ ಮಾತು. ಮಲೆನಾಡಿನ ಅಡುಗೆಗೆ ಆಡಂಬರವಿಲ್ಲ. ಮಳೆಗೂ ಚಳಿಗೂ ಒಗ್ಗಿದ ಅಡುಗೆಯದು. ಅಕ್ಕಿಯ ತರಿಯನ್ನು ಕುದಿನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟು ತೆಗೆದ ಕಡುಬಿಗೆ ಕಾಯಿಚಟ್ನಿಯಾದರೂ ಸರಿ, ಕೋಳಿಸಾರಾದರೂ ಸರಿ. ಹೆಂಚಿನ ಮೇಲೆ ಬೆಂದು ಕೆಂಡದ ಮೇಲೆ ಉಬ್ಬುವ ಅಕ್ಕಿರೊಟ್ಟಿ, ನೀರುದೋಸೆ, ಆಷಾಢದಲ್ಲಿ ಕಳಲೆಯ ಪಲ್ಯ, ಕೆಸುವಿನ ಎಲೆಯ ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಜ್ವರ ಬಿಟ್ಟವನಿಗೆ ಗಂಜಿಯೊಡನೆ ಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ. ಹಲ್ಲಿಲ್ಲದ ಅಜ್ಜಿಗೂ ಹಲ್ಲು ಬರುತ್ತಿರುವ ಮೊಮ್ಮಗುವಿಗೂ ಒಂದೇ ತಟ್ಟೆಯಿಂದ ಕೊಡಬಹುದಾದ ಪದಾರ್ಥಗಳಿವು. ಇವನ್ನು ಬಿಟ್ಟು ನಮ್ಮ ಹಳ್ಳಿಯ ಹೋಟೆಲುಗಳೂ ಗೋಬಿಮಂಚೂರಿಯ ಹಿಂದೆ ಓಡುತ್ತಿರುವುದು ವಿಷಾದಕರ. ಆ ಗೋಬಿಗೆ ಹಾಕುವ ಕೃತಕ ಬಣ್ಣವನ್ನು 2024ರ ಮಾರ್ಚಿಯಲ್ಲಿ ಸರಕಾರವೇ ನಿಷೇಧಿಸಬೇಕಾಯಿತಷ್ಟೆ. ಕಡುಬಿಗೆ ಬಣ್ಣ ಹಚ್ಚುವ ಪ್ರಮೇಯವೇ ಇಲ್ಲ.

ಶೃಂಗೇರಿಯಲ್ಲಿಯೂ ಹೊರನಾಡಿನಲ್ಲಿಯೂ ನಿತ್ಯವೂ ಅನ್ನದಾನ ನಡೆಯುತ್ತಿರುವಾಗ ಹೋಟೆಲಿನ ಗೊಡವೆ ಏಕೆಂದು ಕೇಳುವವರುಂಟು. ಕ್ಷೇತ್ರದ ಊಟ ಪ್ರಸಾದ. ಅದನ್ನು ತಲೆಬಾಗಿ ಸ್ವೀಕರಿಸಬೇಕು. ಹೋಟೆಲಿನಲ್ಲಿಯಾದರೋ ಕಾಸು ಕೊಟ್ಟವಳಿಗೆ ಕೇಳುವ ಹಕ್ಕಿದೆ: ಕಾಫಿಗೆ ಸಕ್ಕರೆ ಕಡಿಮೆಯಿರಲಿ, ರೊಟ್ಟಿ ಇನ್ನೂ ಸ್ವಲ್ಪ ಬೇಯಲಿ, ಚಟ್ನಿ ಇನ್ನೊಂದು ಸೌಟು ಬರಲಿ. ಜೀವಮಾನವೆಲ್ಲ ಇತರರ ರುಚಿಗೆ ಅಡುಗೆ ಮಾಡಿದವಳು ತನ್ನ ರುಚಿಯನ್ನು ಬಾಯಿಬಿಟ್ಟು ಹೇಳುವ ಸ್ಥಳ ಊರಲ್ಲಿ ಬೇರೊಂದಿಲ್ಲ.

ಇಂತಹ ಹೋಟೆಲುಗಳು ಉಳಿಯುವುದು ಸುಲಭವಲ್ಲ. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿ ರಾತ್ರಿಯವರೆಗೆ ದುಡಿಯುವ ದಂಪತಿಗಳ ಮಕ್ಕಳು ಓದಿ ಬೆಂಗಳೂರು ಸೇರಿರುತ್ತಾರೆ. ಕೆಲಸಕ್ಕೆ ಆಳು ಸಿಕ್ಕುವುದಿಲ್ಲ. ಕೊಪ್ಪದ ಕಾರ್ಮಿಕರು 1991ರಲ್ಲಿ ತಾವೇ ಕಟ್ಟಿದ ಸಹಕಾರ ಸಾರಿಗೆಯು 2020ರಲ್ಲಿ ನಿಂತುಹೋಯಿತು. ಬಸ್ಸು ಕಾಯುವ ಗಿರಾಕಿಯನ್ನೇ ನೆಚ್ಚಿದ್ದ ಒಲೆಗಳಿಗೆ ಅದರ ಪೆಟ್ಟು ತಗುಲದೆ ಇರಲಾರದು. ಮೇಲಾಗಿ ನಗರದ ಹೋಟೆಲಿನಲ್ಲಿ ಕೇಳಿದಷ್ಟು ಹಣ ತೆತ್ತು ಬರುವ ನಮ್ಮವರೇ ಊರ ಹೋಟೆಲಿನವನು ದೋಸೆಗೆ ಐದು ರೂಪಾಯಿ ಏರಿಸಿದರೆ ಜಗಳಕ್ಕೆ ನಿಲ್ಲುವರು. ಇದು ನ್ಯಾಯವೆ?

ಇತ್ತ 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಸಂಸಾರ ಸಮೇತರಾಗಿಯೂ ಗೆಳತಿಯರೊಡಗೂಡಿಯೂ ಕ್ಷೇತ್ರಯಾತ್ರೆಗೆ ಹೊರಟವರು ದಾರಿಯಲ್ಲಿ ಹಸಿಯುವುದು ಸಹಜ. ಅವರು ಮೊದಲು ಹುಡುಕುವುದು ಚೊಕ್ಕಟವಾದ, ಒಳಗಿನಿಂದ ಚಿಲಕ ಬೀಳುವ ಒಂದು ಶೌಚಗೃಹವನ್ನು. ದೋಸೆಯ ಯೋಚನೆ ಅನಂತರದ್ದು. ಇದನ್ನು ಬರೆಯಲು ಸಂಪಾದಕೀಯ ಪುಟ ನಾಚಬೇಕಾಗಿಲ್ಲ. ಹೋಟೆಲಿನವರು ಫ್ಯಾಮಿಲಿ ರೂಮಿನ ಪರದೆಯನ್ನು ಕಿತ್ತು ಆ ಹಣವನ್ನು ಇದಕ್ಕೆ ವಿನಿಯೋಗಿಸಲಿ.

ಗ್ರಾಮೀಣ ಹೆಂಗಸರೇ ನಡೆಸತಕ್ಕ ಐವತ್ತು ಉಪಾಹಾರಗೃಹಗಳನ್ನು ತೆರೆಯುವುದಾಗಿ ರಾಜ್ಯ ಸರಕಾರವು 2024-25ನೆಯ ಸಾಲಿನ ಆಯವ್ಯಯದಲ್ಲಿ ಸಾರಿತು. ಅಂತಹುದೊಂದು ಈ ಮೂರು ತಾಲೂಕುಗಳ ರಸ್ತೆಬದಿಗೂ ಬರಬೇಕೆಂದು ನಾರ್ವೆಯ ಸುತ್ತಣ ಪಂಚಾಯತಿಗಳು ಲಿಖಿತವಾಗಿ ಕೇಳಲಿ. ಸ್ತ್ರೀಶಕ್ತಿ ಸಂಘಗಳಲ್ಲಿ ಕಡುಬು ಕಟ್ಟಬಲ್ಲ ಕೈಗಳಿಗೆ ಕೊರತೆಯಿಲ್ಲ. ಅಲ್ಲಿಯವರೆಗೆ, ಈಗಿರುವ ಹೋಟೆಲಿನ ಹಲಗೆಯ ಮೇಲೆ ಭಾನುವಾರಕ್ಕೊಮ್ಮೆಯಾದರೂ ‘ಕಡುಬು, ಚಟ್ನಿ’ ಎಂದು ಸೀಮೆಸುಣ್ಣದಲ್ಲಿ ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.