ಸಮ್ಮತಿಯ ಸೂಚನೆ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಅದು ಎಲ್ಲೆಡೆಯೂ ಸಲ್ಲದೆಂಬುದನ್ನು ಅಭಿಮಾನಿ ಕಥೆಗಾರರು ಮನಗಂಡಿದ್ದಾರೆ. ಮೆಚ್ಚಿದ ಕಾದಂಬರಿ, ಚಲನಚಿತ್ರಗಳ ಪಾತ್ರಗಳನ್ನು ಬಳಸಿ ಅಭಿಮಾನಿಗಳೇ ರಚಿಸುವ ಹೊಸ ಕಥೆಗಳಿಗೆ ಅಭಿಮಾನಿ ಕಥೆಗಳೆಂದು ಹೆಸರು.

ಇವುಗಳಿಗಾಗಿ ಅಮೆರಿಕದ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದು 2009ರಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಂತರಜಾಲ ಭಂಡಾರವನ್ನು ತೆರೆಯಿತು. ಕಥೆಯಲ್ಲಿ ಘೋರ ಹಿಂಸೆ, ಮುಖ್ಯಪಾತ್ರದ ಮರಣ, ಬಲಾತ್ಕಾರ ಮೊದಲಾದವು ಇದ್ದರೆ ಲೇಖಕರು ಅಲ್ಲಿ ಮುನ್ಸೂಚನೆ ನೀಡಬೇಕು; ಇಲ್ಲವೇ, ಸೂಚನೆ ನೀಡಲು ತಮಗೆ ಇಷ್ಟವಿಲ್ಲವೆಂದಾದರೂ ತಿಳಿಸಬೇಕು.

ಸಮ್ಮತಿಯಿಲ್ಲದೆ ದೇಹವನ್ನು ಆಕ್ರಮಿಸುವುದೇ ಬಲಾತ್ಕಾರ. ಆದರೆ ಎಲ್ಲ ಪ್ರಸಂಗಗಳೂ ಇಷ್ಟು ಸ್ಪಷ್ಟವಲ್ಲ. ಬಾಯಿ ‘ಹೂಂ’ ಎಂದರೂ ಅದನ್ನು ನುಡಿಸಿದ್ದು ಭಯವಾಗಿರಬಹುದು, ಮದ್ಯದ ಅಮಲಾಗಿರಬಹುದು, ಒಡೆಯನ ಅಧಿಕಾರವಾಗಿರಬಹುದು. ಇಂಥ ಕಥೆಗಳನ್ನು ‘ಸಂದೇಹಾಸ್ಪದ ಸಮ್ಮತಿ’ ಎಂದು ಬೇರೆಯಾಗಿ ಗುರುತಿಸುವುದು ಅವರ ವಾಡಿಕೆ. ಇವೆರಡರ ನಡುವಣ ಗೆರೆಯ ವಿಷಯದಲ್ಲಿ ಅವರಲ್ಲಿಯೇ ಒಮ್ಮತವಿಲ್ಲ. ಒಬ್ಬರಿಗೆ ಸಂದೇಹವೆನಿಸಿದ್ದು ಮತ್ತೊಬ್ಬರಿಗೆ ಬಲಾತ್ಕಾರವೇ ಆಗಿ ತೋರುತ್ತದೆ. ಆ ಚರ್ಚೆಯಿಂದಲೇ ಸಮ್ಮತಿಯ ಅರ್ಥ ತಿಳಿಯಾಗುತ್ತದೆ.

ಮುನ್ಸೂಚನೆಯು ದುಷ್ಕೃತ್ಯಕ್ಕೆ ನೀಡಿದ ಒಪ್ಪಿಗೆಯಲ್ಲ. ಕಥೆಗೆ ಹೇರಿದ ನಿಷೇಧವೂ ಅಲ್ಲ. ಬಾಳಿನಲ್ಲಿ ಅಂಥ ನೋವುಂಡವರು ಓದಬೇಕೋ ಬೇಡವೋ ಎಂಬುದನ್ನು ಮೊದಲೇ ನಿರ್ಧರಿಸಲು ಅದು ನೆರವಾಗುತ್ತದೆ. ‘ಬೇಡ’ ಎನ್ನುವ ಹಕ್ಕು ಓದುಗರಿಗೂ ಉಂಟು.