ಮರುಭೂಮಿಗೆ ಸೈಕಲ್ಲು, ಜೊತೆಗೊಂದು ಜೀಪು

ಪ್ರಶ್ನೆ: ನಾವು ನಾಲ್ವರು ಥಾರ್ ಮರುಭೂಮಿಯಲ್ಲಿ ಮೂರು ದಿನ ಮೌಂಟೇನ್ ಬೈಕ್ ಯಾತ್ರೆ ಮಾಡಬೇಕೆಂದಿದ್ದೇವೆ. ಜೊತೆಗೆ ಜೀಪು ಅವಶ್ಯವೇ?
– ಓರ್ವ ಓದುಗರು, ಕೋಲ್ಕತ್ತ

ಉತ್ತರ: ತಮ್ಮ ಊರಿನ ಟೌನ್ ಹಾಲಿನಿಂದಲೇ 1926ರಲ್ಲಿ ಮೂವರು ಮಿತ್ರರೊಡನೆ ಸೈಕಲ್ಲೇರಿ ಹೊರಟು, ಅರೇಬಿಯಾ, ಇರಾನ್, ಸಿರಿಯಾಗಳನ್ನು ದಾಟಿ, ಜಗತ್ತನ್ನೇ ಸುತ್ತಿ 1937ರಲ್ಲಿ ಮರಳಿದ ಬಿಮಲ್ ಮುಖರ್ಜಿಯವರಿಗೆ ಯಾವ ಜೀಪೂ ಬೆಂಗಾವಲಾಗಿರಲಿಲ್ಲವೆಂಬುದು ನಿಜವಾದರೂ, ಅವರ ಸಾಹಸವನ್ನು ತಾವು ರಜೆಯ ದಿನಗಳಿಗೆ ಪ್ರಮಾಣವಾಗಿ ಗ್ರಹಿಸಲಾಗದು. ಜೀಪು ಬೇಕು, ಅದೂ ಮುಖ್ಯವಾಗಿ ನೀರಿಗಾಗಿ. ಚಾಲಕನನ್ನೂ ಸೇರಿಸಿ ಐವರಿಗೆ, ತಲಾ ದಿನವೊಂದಕ್ಕೆ ಎಂಟು ಲೀಟರಿನಂತೆ, ಮೂರು ದಿನಕ್ಕೆ 120 ಲೀಟರು, ಅಂದರೆ ಅಷ್ಟೇ ಕಿಲೋ ಭಾರ. ಇದನ್ನು ಸೈಕಲ್ಲಿಗೆ ಹೇರುವುದು ಅಸಾಧ್ಯ. 20 ಲೀಟರಿನ ಆರು ಕ್ಯಾನುಗಳಲ್ಲಿ ತುಂಬಿದರೆ ಒಂದು ಸೋರಿದರೂ ಉಳಿದವು ಕಾಯುತ್ತವೆ.

ವಾಹನವು ಬೆನ್ನ ಹಿಂದೆಯೇ ಬಂದರೆ ಧೂಳನ್ನಲ್ಲದೆ ಮತ್ತೇನನ್ನೂ ಕೊಡದು. ಆದುದರಿಂದ ಹದಿನೈದು ಇಪ್ಪತ್ತು ಕಿಲೋಮೀಟರಿಗೊಮ್ಮೆ ಮುಂದೆ ಹೋಗಿ ನಿಂತಿರಲಿ, ಭೇಟಿಯ ಸ್ಥಳಗಳನ್ನು ಮುಂಜಾನೆಯೇ ಕಾಗದದ ಮೇಲೆ ಗೊತ್ತುಮಾಡಿಕೊಂಡಿರಿ, ಏಕೆಂದರೆ ಮೊಬೈಲ್ ಸಂಪರ್ಕವು ಎಲ್ಲೆಡೆಯೂ ದೊರೆಯದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತ; ರಾತ್ರಿಯ ಚಳಿಗೆ ಕಂಬಳಿಯೂ ಬೇಕು.

ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ದಿಣ್ಣೆಗಳಿಗೂ ಆಮೇಲೆ ಖುರಿ ಗ್ರಾಮಕ್ಕೂ ಹೋಗಬಹುದು. ಪಾಕಿಸ್ತಾನದ ಗಡಿಗೆ ಸಮೀಪದ ಪ್ರದೇಶಗಳಿಗೆ ಮಾತ್ರ ಜಿಲ್ಲಾಡಳಿತದ ಅನುಮತಿ ಪಡೆಯತಕ್ಕದ್ದು. ಅಗಲ ಟೈರಿನ ಗಾಳಿಯನ್ನು ತುಸು ಇಳಿಸಿದರೆ ಮರಳಿನಲ್ಲಿ ಹಿಡಿತ ಹೆಚ್ಚುವುದು. ಜಾಲಿಯ ಮುಳ್ಳಿಗಂತೂ ಟ್ಯೂಬುಗಳನ್ನು ಧಾರಾಳವಾಗಿ ಒಯ್ಯಿರಿ. ಹೌರಾದಿಂದ ಜೈಸಲ್ಮೇರಿನ ದಾರಿಯಲ್ಲಿರುವ ಜೋಧಪುರಕ್ಕೆ ರೈಲುಂಟು. ಸೈಕಲ್ಲುಗಳನ್ನು ಪಾರ್ಸೆಲ್ ಕಛೇರಿಯಲ್ಲಿ ಮುಂಚಿತವಾಗಿಯೇ ವಿಚಾರಿಸಿ ಕಳುಹಿಸಬಹುದು.