ಅಗ್ಗದ ಮನೆಯೋ, ಕೈಯಲ್ಲಿರುವ ಕೆಲಸವೋ?

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಮುಂಗಡ ಕೇಳುವವರು ಇಂದಿಗೂ ಇದ್ದಾರೆ. ಬೇಸತ್ತ ನಿಮ್ಮ ಪತಿ, ಸುಮಾರು 70 ಕಿ.ಮೀ. ದೂರದ ತುಮಕೂರಿನಲ್ಲಿ ಕಡಿಮೆ ಬಾಡಿಗೆಗೆ ಮನೆ ಹಿಡಿಯೋಣ ಎನ್ನಬಹುದು. ಮಾತು ಸರಿಯೇ. ಆದರೆ ಸಹೋದರಿ, ಇಬ್ಬರೂ ಬೆಂಗಳೂರಿಗೆ ದುಡಿಯಲು ಹೋದರೆ ಶಾಲೆಯಿಂದ ಬಂದ ಮಕ್ಕಳನ್ನು ನೋಡಿಕೊಳ್ಳುವವರಾರು? ಈ ಪ್ರಶ್ನೆ ಎದ್ದಾಗ ಸಾಮಾನ್ಯವಾಗಿ ಹೆಂಡತಿಯೇ ಕೆಲಸ ಬಿಡುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟಿನ ಖರ್ಚಿಲ್ಲ, ನಿಜ. ದಾರಿಯಲ್ಲಿ ಕಳೆಯುವ ಗಂಟೆಗಳು ಮಾತ್ರ ಮರಳಿ ಬಾರವು. ಆದ್ದರಿಂದ ಬಾಡಿಗೆಯಲ್ಲಿ ಉಳಿಯುವ ಹಣವನ್ನೂ ಕೈತಪ್ಪುವ ಸಂಬಳವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ. ಹೊಸ ಊರಿನಲ್ಲಿ ನಿಮಗೆ ತಕ್ಕ ಕೆಲಸವಿದೆಯೇ ಎಂದು ಮೊದಲೇ ವಿಚಾರಿಸಿ. ಮುಂಗಡ ಕೊಡುವ ಮುನ್ನ ಒಂದು ವಾರ ಆ ದಾರಿಯಲ್ಲಿ ಓಡಾಡಿ. ಆಮೇಲೆ ಇಬ್ಬರೂ ಕುಳಿತು ತೀರ್ಮಾನಿಸಿ.